ಹಿಂದಿನ ಬೆಂಚಿನ ಮಂಗಳವಾರಗಳು

ಹುಡುಗನಿಗೆ ಆಗ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರು ಆ ಶಾಲೆಯಲ್ಲಿ ಇರಲಿಲ್ಲ. ಅಪ್ಪನ ಜೊತೆ ಆಲೆಮನೆಗೆ ಹೋಗಿ ಹೋಗಿ ಅಭ್ಯಾಸ. ಹತ್ತು ಕೆಜಿ ಅಚ್ಚುಬೆಲ್ಲಕ್ಕೆ ಇಷ್ಟಾದರೆ ಮೂರೂವರೆ ಕ್ವಿಂಟಾಲಿಗೆ ಎಷ್ಟು ಅಂತ ಬೆರಳು ಮಡಚದೆ ಹೇಳುತ್ತಿದ್ದ. ಆದರೆ ಕನ್ನಡ ಪಾಠ ಓದು ಅಂದರೆ ಪುಸ್ತಕ ನೋಡುತ್ತಿರಲಿಲ್ಲ. ಪಕ್ಕದವನ ಬಾಯಿ ನೋಡುತ್ತಿದ್ದ.

ನಾನು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಬಿಐಇಆರ್‌ಟಿ. ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಸಮಗ್ರ ಶಿಕ್ಷಣದ ಅಡಿಯಲ್ಲಿ ಇರುವ ಸಂಪನ್ಮೂಲ ಶಿಕ್ಷಕಿ. ಊರವರಿಗೆ ಇಷ್ಟುದ್ದ ಹೇಳೋಕಾಗಲ್ಲ, ‘ಅಂಗವಿಕಲರ ಮೇಡಂ’ ಅಂತಾರೆ. ಕೈಕಾಲು ಸರಿಯಿರುವ ಹುಡುಗನನ್ನು ನೋಡೋಕೆ ನಾನು ಯಾಕೆ ಬಂದೆ ಅಂತ ಆ ಊರಿನಲ್ಲಿ ಮೊದಲು ಯಾರಿಗೂ ಅರ್ಥವಾಗಲಿಲ್ಲ.

ಇಲ್ಲಿ ಊರು, ಶಾಲೆ, ಮಗು, ಟೀಚರ್ ಯಾರ ಹೆಸರೂ ಇಲ್ಲ, ಬೇಕಂತಲೇ ಬಿಟ್ಟಿದ್ದೇನೆ. ಓದು ಕಷ್ಟವಾಗುವ ಮಕ್ಕಳಿಗೆ ಏನು ಮಾಡಿದರೆ ಉಪಯೋಗವಾಗುತ್ತದೆ ಅನ್ನುವುದು ಹೊಸ ವಿಷಯವಲ್ಲ, ಸಂಶೋಧನೆ ಬೇಕಾದಷ್ಟು ನಡೆದಿದೆ. ಅದು ಒಂದು ಸರ್ಕಾರಿ ಶಾಲೆಯ ಕ್ಲಾಸಿನ ಹೊಸಿಲು ದಾಟೋಕೆ ಇಡೀ ಒಂದು ವರ್ಷ ಯಾಕೆ ಹಿಡಿಯಿತು ಅನ್ನುವುದನ್ನು ಬರೆಯಬೇಕಿತ್ತು. ಅದರಲ್ಲಿ ಮೊದಲ ಮೂರು ತಿಂಗಳು ಹಾಳಾದದ್ದು ನನ್ನಿಂದಲೇ.

ತರಬೇತಿ ಚೆನ್ನಾಗಿತ್ತು

2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಬುದ್ಧಿ ಸರಿಯಾಗಿಯೇ ಇರುತ್ತದೆ, ಕಣ್ಣು ಕಿವಿ ಸರಿಯಿರುತ್ತವೆ, ಓದು ಬರಹ ಅಥವಾ ಲೆಕ್ಕ ಮಾತ್ರ ಕೈಗೆ ಹತ್ತುವುದಿಲ್ಲ. ಮೂರನೇ ಕ್ಲಾಸಿನಲ್ಲಿ, ಇಲ್ಲವೇ ಎಂಟು ವರ್ಷ ತುಂಬಿದಾಗ, ಶಾಲೆಯಲ್ಲೇ ಇದರ ಮೊದಲ ತಪಾಸಣೆ ಆಗಬೇಕು ಅಂತ 2018ರ ಮಾರ್ಗಸೂಚಿ ಹೇಳಿತ್ತು. ನಮ್ಮ ಹುಡುಗನಿಗೆ ಅದು ಆಗಿರಲಿಲ್ಲ. ಅವನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ‘ನಿಧಾನ ಕಲಿಕೆ’ ಅಂತ ಬರೆದಿತ್ತು, ಅಷ್ಟೆ.

ಜೂನ್‌ನಲ್ಲಿ ಇದೇ ವಿಷಯದ ಮೇಲೆ ಎರಡು ದಿನ ತರಬೇತಿ ಮಾಡಿದ್ದೆವು. ಹೇಳಿಕೊಟ್ಟವಳು ನಾನೇ. ಹದಿನಾಲ್ಕು ಹೆಜ್ಜೆಗಳ ಒಂದು ಕೈಪಿಡಿ ಕೊಟ್ಟೆ. ವಿಡಿಯೊ ತೋರಿಸಿದೆ, ಗುಂಪು ಚಟುವಟಿಕೆ ಮಾಡಿಸಿದೆ. ಟೀ, ಬಿಸ್ಕತ್ತು, ಪ್ರಮಾಣಪತ್ರ ಎಲ್ಲ ಆಯಿತು. ಹಿಮ್ಮಾಹಿತಿ ಹಾಳೆಯಲ್ಲಿ ಎಲ್ಲರೂ ‘ತರಬೇತಿ ತುಂಬಾ ಚೆನ್ನಾಗಿತ್ತು’ ಅಂತ ಬರೆದಿದ್ದರು. ಈ ಹುಡುಗನ ಟೀಚರ್ ಕೂಡ ಅಲ್ಲಿದ್ದರು.

ಜುಲೈನಲ್ಲಿ ಶಾಲೆಗೆ ಹೋದಾಗ ಆ ಕೈಪಿಡಿ ಎಲ್ಲಿ ಅಂತ ಕೇಳಿದೆ. ಬೀರು ತೆಗೆದರು. ಬಿಸಿಯೂಟದ ರಿಜಿಸ್ಟರಿನ ಅಡಿಯಲ್ಲಿತ್ತು, ಮಡಿಕೆ ಕೂಡ ಬಿಚ್ಚಿರಲಿಲ್ಲ. ಬೇಜಾರಾಯಿತು. ಆದರೆ ಆಶ್ಚರ್ಯಪಡೋಕೆ ನನಗೆ ಹಕ್ಕಿರಲಿಲ್ಲ. ಅಮೆರಿಕದ ಜಾಯ್ಸ್ ಮತ್ತು ಷವರ್ಸ್ ಶಿಕ್ಷಕರ ತರಬೇತಿಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ವಿವರಣೆ, ಪ್ರಾತ್ಯಕ್ಷಿಕೆ, ತರಬೇತಿಯಲ್ಲೇ ಅಭ್ಯಾಸ, ಇಷ್ಟೆಲ್ಲ ಕೊಟ್ಟರೂ ಕಲಿತದ್ದನ್ನು ಕ್ಲಾಸಿನಲ್ಲಿ ಬಳಸುವವರು ನೂರಕ್ಕೆ 5 ಜನ, ಆಮೇಲೆ ಅವರವರ ಕ್ಲಾಸಿಗೇ ಹೋಗಿ ಜೊತೆಗೆ ನಿಂತರೆ 95 ಜನ ಅಂತ 2002ರಲ್ಲಿ ಅವರು ಅಂದಾಜು ಕೊಟ್ಟಿದ್ದರು. ಆ ಅಂಕಿಗಳನ್ನು ನಾನು ವೇದವಾಕ್ಯ ಅಂತ ತಗೊಳ್ಳುವುದಿಲ್ಲ. ಆದರೆ ಎರಡರ ನಡುವೆ ಎಷ್ಟು ದೂರ ಇದೆ ಅನ್ನುವುದು ಆ ಬೀರುವಿನ ಮುಂದೆ ನಿಂತಾಗ ಚೆನ್ನಾಗಿ ಗೊತ್ತಾಯಿತು.

ಸರಿ, ನಾನೇ ಕಲಿಸೋಣ ಅಂದುಕೊಂಡೆ. ಇದು ಎರಡನೇ ತಪ್ಪು. ಹದಿನೈದು ದಿನಕ್ಕೊಮ್ಮೆ ಹೋಗಿ ಹುಡುಗನನ್ನು ಜಗಲಿಗೆ ಕರೆದು ಮುಕ್ಕಾಲು ಗಂಟೆ ಹೇಳಿಕೊಡುತ್ತಿದ್ದೆ. ಅವನಿಗೆ ಖುಷಿ, ನನಗೂ ಖುಷಿ. ಎರಡು ತಿಂಗಳಾದರೂ ಓದು ಇದ್ದಲ್ಲೇ ಇತ್ತು. ಹದಿನೈದು ದಿನಕ್ಕೊಮ್ಮೆ ನೀರು ಬಿಟ್ಟರೆ ಒಟ್ಟಲ ಪಾತಿಯ ಪೈರು ಉಳಿಯುತ್ತಾ? ಆಗಸ್ಟ್ ಕೊನೆಯಲ್ಲಿ ಒಂದು ದಿನ ಗೇಟಿನ ಹತ್ತಿರವೇ ಟೀಚರ್ ಹೇಳಿದರು: ‘ನಿಮ್ ಹುಡುಗ ಇವತ್ತು ಬಂದಿಲ್ಲ ಮೇಡಂ.’

ನಿಮ್ ಹುಡುಗ! ವಾರಕ್ಕೆ ಆರು ದಿನ ಅವರ ಕಣ್ಣೆದುರು ಕೂರುವ ಮಗು ನನ್ನದಾಗಿಬಿಟ್ಟಿತ್ತು. ಸಹಾಯ ಮಾಡೋಕೆ ಹೋಗಿ ಅವನನ್ನು ಅವನ ಟೀಚರ್ ಕೈಯಿಂದಲೇ ಬಿಡಿಸಿಕೊಂಡು ಬಂದಿದ್ದೆ.

ಸುಮ್ನೆ ಕೂತು ನೋಡಿದ್ದು

ಅಲ್ಲಿಂದ ಮುಂದೆ ಪ್ರತಿ ಮಂಗಳವಾರ ಆ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತೆ. ಇದಕ್ಕೆ ಬೇರೆ ಎರಡು ಶಾಲೆಗಳ ಭೇಟಿ ಕಡಿಮೆ ಮಾಡಬೇಕಾಯಿತು, ಅದರ ಬೈಗುಳವೂ ಬಂತು. ಮೊದಲ ಎರಡು ವಾರ ಟೀಚರ್‌ಗೆ ಮುಜುಗರ. ತಪಾಸಣೆಗೆ ಬಂದಿದ್ದೀನಿ ಅಂತ ಪಾಠ ಟಿಪ್ಪಣಿ ತಂದು ಮುಂದಿಟ್ಟರು. ಪುಸ್ತಕ ಪೆನ್ನು ಏನೂ ತರದೆ ಕೂತಿದ್ದು ನೋಡಿ ಮೂರನೇ ವಾರದಿಂದ ಮರೆತುಬಿಟ್ಟರು.

ನಾಲ್ಕು ಮತ್ತು ಐದನೇ ಕ್ಲಾಸು ಒಂದೇ ಕೋಣೆಯಲ್ಲಿ, ಮೂವತ್ತನಾಲ್ಕು ಮಕ್ಕಳು. ಬೆಳಿಗ್ಗೆ ಪ್ರಾರ್ಥನೆ, ಆಮೇಲೆ ಹಾಲು. ಹಾಲಿನ ಲೆಕ್ಕ, ಮೊಟ್ಟೆ ಲೆಕ್ಕ, ಆನ್‌ಲೈನ್ ಹಾಜರಿ. ಕನ್ನಡ ಪೀರಿಯಡ್ಡಿನಲ್ಲಿ ಟೀಚರ್ ಒಂದು ಸಾಲು ಓದುತ್ತಾರೆ, ಮಕ್ಕಳು ಒಟ್ಟಿಗೆ ಹೇಳುತ್ತಾರೆ. ಆಮೇಲೆ ಹದಿನೈದು ಇಪ್ಪತ್ತು ನಿಮಿಷ ನಕಲು ಬರಹ. ಮಕ್ಕಳು ತಲೆ ಬಗ್ಗಿಸಿ ಬರೆಯುತ್ತಾರೆ, ಟೀಚರ್ ತಲೆ ಬಗ್ಗಿಸಿ ರಿಜಿಸ್ಟರ್ ತುಂಬುತ್ತಾರೆ. ನಮ್ಮ ಹುಡುಗನ ನಕಲು ಮುತ್ತಿನಂತೆ ಇರುತ್ತಿತ್ತು. ಬರೆದದ್ದರಲ್ಲಿ ಒಂದು ಪದ ಓದೋಕೆ ಬರುತ್ತಿರಲಿಲ್ಲ. ಚಿತ್ರ ಬಿಡಿಸಿದ ಹಾಗೆ ಅಕ್ಷರ ಬಿಡಿಸುತ್ತಿದ್ದ.

ಒಂದು ದಿನ ಬಿಸಿಯೂಟದ ಹೊತ್ತಿನಲ್ಲಿ ಟೀಚರ್ ಕೋಪವನ್ನೆಲ್ಲ ಹೊರಗೆ ಹಾಕಿದರು. ‘ನಿಮ್ಮ ಹದಿನಾಲ್ಕು ಹೆಜ್ಜೆ ನಾನು ಓದಿಲ್ಲ ಅನ್ಕೊಂಡಿದ್ದೀರಾ? ಓದಿದೆ. ಅಷ್ಟು ಒಬ್ಬನಿಗೆ ಮಾಡಿದ್ರೆ ಉಳಿದ ಮೂವತ್ತಮೂರು ಮಕ್ಕಳನ್ನ ಯಾರು ನೋಡ್ತಾರೆ ಮೇಡಂ? ನೀವು ಹೇಳಿ ಹೋಗ್ಬಿಡ್ತೀರಿ.’ ಮಡಿಕೆ ಬಿಚ್ಚದ ಕೈಪಿಡಿಯನ್ನು ಹೇಗೆ ಓದಿದರು ಅಂತ ನಾನು ಕೇಳಲಿಲ್ಲ. ಯಾಕೆಂದರೆ ಅವರು ಹೇಳಿದ್ದು ನಿಜ. ಒಬ್ಬ ಟೀಚರ್, ಎರಡು ಕ್ಲಾಸು ಇರುವ ಕೋಣೆಯನ್ನು ಮನಸ್ಸಿನಲ್ಲಿಟ್ಟು ನಾನು ಆ ಕೈಪಿಡಿ ಬರೆದಿರಲಿಲ್ಲ.

ಇಬ್ಬರೂ ಕೂತು ಹದಿನಾಲ್ಕನ್ನು ಮೂರಕ್ಕೆ ಇಳಿಸಿದೆವು. ಇದು ಸುಮ್ನೆ ಕತ್ತರಿ ಆಡಿಸಿದ್ದಲ್ಲ. ಯಾವುದನ್ನು ತೆಗೆದರೆ ಪದ್ಧತಿಯೇ ಸತ್ತುಹೋಗುತ್ತದೋ ಅದನ್ನು ಮುಟ್ಟಲಿಲ್ಲ, ಉಳಿದದ್ದನ್ನು ಬಿಟ್ಟೆವು. ಕಲಿಸುವುದನ್ನು ಬಿಡಿಸಿ ತೋರಿಸಬೇಕು: ಮೊದಲು ನಾನು ಓದ್ತೀನಿ, ಆಮೇಲೆ ಇಬ್ಬರೂ ಓದೋಣ, ಆಮೇಲೆ ನೀನು ಓದು. ಪ್ರತಿ ಮಗುವೂ ಒಂಟಿಯಾಗಿ ಬಾಯಿಬಿಟ್ಟು ಓದಬೇಕು, ತಪ್ಪಿದರೆ ಆ ಕ್ಷಣವೇ ತಿದ್ದಬೇಕು. ವಾರಕ್ಕೊಮ್ಮೆ ಒಂದು ನಿಮಿಷ, ಪಾಠ ಮಾಡಿರದ ಒಂದು ತುಣುಕು ಓದಿಸಿ ಸರಿಯಾದ ಪದ ಎಣಿಸಿ ಬರೆದಿಡಬೇಕು. ಓದಲು ಕಷ್ಟಪಡುವ ಮಕ್ಕಳ ಮೇಲೆ ದಶಕಗಳಿಂದ ನಡೆದ ಸಂಶೋಧನೆಯಲ್ಲಿ ಮತ್ತೆ ಮತ್ತೆ ಗಟ್ಟಿಯಾಗಿ ನಿಂತಿರುವುದು ಇವೇ.

ಹೊತ್ತು ಎಲ್ಲಿಂದ ತರೋದು? ಅದು ನಕಲು ಬರಹದೊಳಗೇ ಇತ್ತು. ಮಿಕ್ಕ ಮಕ್ಕಳು ಬರೆಯುವ ಆ ಹದಿನೈದು ನಿಮಿಷ ನಾಲ್ಕು ಮಕ್ಕಳು ಟೀಚರ್ ಮೇಜಿನ ಹತ್ತಿರ ಬಂದು ಕೂರುವುದು ಅಂತಾಯಿತು. ಒಬ್ಬನನ್ನೇ ಕರೆದರೆ ಅವನಿಗೆ ‘ಓದು ಬರದವ’ ಅಂತ ಹಣೆಪಟ್ಟಿ. ನಾಲ್ಕು ಜನ ಆದರೆ ಅದು ಗುಂಪು.

ಗುಂಪು, ಕಾರ್ಡು ಅಂತ ನಾನು ಹೇಳುವಾಗ ಟೀಚರ್ ಮುಖ ಅರಳಿತು. ‘ಇದು ನಮ್ ನಲಿಕಲಿ ಅಲ್ವಾ ಮೇಡಂ? ಟೀಚರ್ ಪೂರ್ತಿ ಜೊತೆಗಿರೋ ಗುಂಪು?’ ಮಕ್ಕಳು ಗುಂಪುಗಳಲ್ಲಿ ಕಾರ್ಡು ಹಿಡಿದು ಕಲಿಯುವ ನಲಿಕಲಿ ಕ್ಲಾಸನ್ನು ಅವರು ಎಂಟು ವರ್ಷ ತಗೊಂಡವರು. ನಲಿಕಲಿ ಹುಟ್ಟಿದ್ದೇ 1995ರಲ್ಲಿ, ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, ಇವರಂಥದೇ ಸರ್ಕಾರಿ ಶಾಲೆಯ ಟೀಚರುಗಳ ಕೈಯಲ್ಲಿ. ಕೈಪಿಡಿ ಬರೆಯುವಾಗ ನನಗೆ ಈ ಹೋಲಿಕೆ ಹೊಳೆದಿರಲಿಲ್ಲ. ಇವರಿಗೆ ಗೊತ್ತಿರುವ ಮನೆಯ ಬಾಗಿಲು ತಟ್ಟೋದು ಬಿಟ್ಟು ಗೋಡೆ ಒಡೆಯೋಕೆ ಹೋಗಿದ್ದೆ.

ವ, ಮ ಮತ್ತು ಅರ್ಕಾವತ್ತು

ಹುಡುಗನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಕಾರ್ಡು ಹಿಡಿದು ನೋಡಿದೆವು. ಈ ಕೆಲಸವನ್ನು ಟೀಚರ್ ಮಾಡಿದರು, ನಾನು ಬರೆದುಕೊಂಡೆ. ನಲಿಕಲಿಯ ಮೊದಲ ಗುಂಪು ‘ರ ಗ ಸ ದ ಅ’ ಸರಾಗವಾಗಿ ಬಂತು. ಎರಡನೇ ಗುಂಪು ‘ಜ ವ ಮ ಬ ನ’. ಅಲ್ಲಿ ಬಂಡಿ ಹೂತುಕೊಂಡಿತು. ‘ಮನೆ’ ‘ವನೆ’ ಆಗುತ್ತಿತ್ತು. ‘ವನ’ ಒಮ್ಮೆ ‘ಮನ’, ಇನ್ನೊಮ್ಮೆ ‘ಪನ’. ಹೆಚ್ಚಿನ ಮಕ್ಕಳಿಗೆ ವ, ಮ ಒಟ್ಟಿಗೆ ಕಲಿತರೆ ಏನೂ ತೊಂದರೆಯಿಲ್ಲ. ಇಂಥ ಮಗುವಿಗೆ ಮಾತ್ರ ನೋಡೋಕೆ ಒಂದೇ ತರ ಇರುವ ಅಕ್ಷರಗಳನ್ನು ದೂರ ದೂರ ಇಡಬೇಕು. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಎರಡು ವಾರ ‘ಮ’ ಮಾತ್ರ ಮಾಡಿದೆವು. ‘ಮ’ಕ್ಕೆ ಬಲಗಡೆ ಕೊಕ್ಕೆ ಇದೆ, ಕೊಕ್ಕೆಗೆ ಬುಟ್ಟಿ ನೇತುಹಾಕಬಹುದು ಅಂತ ಟೀಚರ್ ಕಥೆ ಕಟ್ಟಿದರು. ಇದು ಯಾವ ಕೈಪಿಡಿಯಲ್ಲೂ ಇಲ್ಲ.

ಕಾಗುಣಿತದಲ್ಲಿ ಕಿ-ಕೀ, ಕೆ-ಕೇ ಬೇರೆ ಅಂತಲೇ ಅವನಿಗೆ ಗೊತ್ತಾಗುತ್ತಿರಲಿಲ್ಲ. ಒತ್ತಕ್ಷರ ಬಂದರೆ ಹಾರಿಸಿಬಿಡುತ್ತಿದ್ದ. ‘ಸೂರ್ಯ’ ನೋಡಿ ಕಣ್ಣಲ್ಲಿ ನೀರು ತಂದುಕೊಂಡ. ಅದೂ ಸರಿಯೇ. ಅರ್ಕಾವತ್ತು ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ನಾವು ಅದನ್ನು ಅಭ್ಯಾಸಬಲದಲ್ಲಿ ಓದುತ್ತೇವೆ, ಅದರಲ್ಲಿ ಇರುವ ತಿರುವು ಕಾಣುವುದೇ ಇಲ್ಲ. ಇಂಗ್ಲಿಷಿನಲ್ಲಿ 26 ಅಕ್ಷರ ಕಲಿತರೆ ಮುಗಿಯಿತು. ನಮ್ಮ ವರ್ಣಮಾಲೆ 49 ಆದರೂ ಗುಣಿತ, ಒತ್ತು ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಓದುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತ್ತು. ನಮ್ಮ ಅಕ್ಷರಗಳ ಮೇಲೆ ಹಿಡಿತ ಬರೋಕೆ, ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ವರ್ಷಗಳೇ ಬೇಕು. ಇದನ್ನು ಹೇಳಿದಾಗ ಟೀಚರ್ ಸ್ವಲ್ಪ ಹಗುರಾದರು. ‘ಮೂರನೇ ಕ್ಲಾಸಿಗೆ ಎಲ್ಲ ಬರಬೇಕು ಅಂತ ನಾವೇ ಹೆದರ್ಕೊಂಡು ಓಡ್ತೀವಿ’ ಅಂದರು.

ಮೊದಲ ವಾರ ಒಂದು ನಿಮಿಷಕ್ಕೆ ಐದು ಪದ ಓದಿದ. ಅದೂ ಎರಡನೇ ಕ್ಲಾಸಿನ ಪುಸ್ತಕದಿಂದ. ದಸರಾ ರಜೆಗೆ ಮುಂಚೆ ಒಂಬತ್ತು.

ಸರ್ಟಿಫಿಕೇಟ್ ಬರಲಿ ಅಂತ ಕಾಯೋದು

ಎಚ್‌ಎಂ ಸಾರ್ ಒಳ್ಳೆಯವರು, ಆದರೆ ಕಾಗದದ ಮನುಷ್ಯ. ‘ಮೊದ್ಲು ಸರ್ಟಿಫಿಕೇಟ್ ಬರ್ಲಿ ಮೇಡಂ, ಆಮೇಲೆ ವಿಶೇಷ ಬೋಧನೆ ಶುರು ಮಾಡೋಣ’ ಅಂತಿದ್ದರು. ಈ ಮಾತು ನಾನು ಎಷ್ಟು ಶಾಲೆಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಸರ್ಟಿಫಿಕೇಟ್ ಸೌಲಭ್ಯಕ್ಕೆ ಬೇಕು. ಮುಂದೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವನ್ನೆಲ್ಲ 2016ರ ಕಾಯಿದೆ ಹೇಳುತ್ತದೆ. ಹದಿನೈದು ನಿಮಿಷ ಚೆನ್ನಾಗಿ ಕಲಿಸೋಕೆ ಯಾವ ಕಾಗದ ಬೇಕು? ಕಾಯುತ್ತಾ ಕೂತರೆ ಮಗು ಇನ್ನಷ್ಟು ಹಿಂದೆ ಬೀಳುತ್ತದೆ, ಅಷ್ಟೇ ಆಗೋದು.

ಕಾಗದವನ್ನೂ ಬಿಡಲಿಲ್ಲ. ಹುಡುಗನ ತಾಯಿಯನ್ನು ಒಪ್ಪಿಸೋಕೆ ಮೂರು ಸಲ ಮನೆಗೆ ಹೋದೆ. ‘ಅವ್ನ್ ತಲೇಗೆ ಹತ್ತಾಕಿಲ್ಲ ಕನ್ ಮೇಡಮ್ಮಾರೆ. ನಮ್ಮನೇಲಿ ಯಾರ್ಗೂ ಇದ್ಯೆ ಹತ್ನಿಲ್ಲ’ ಅನ್ನುತ್ತಿದ್ದರು ಆಯಮ್ಮ. ಆಮೇಲೆ ಮೆಲ್ಲಗೆ, ‘ಆಸ್ಪತ್ರೇಲಿ ಉಚ್ಚು ಅಂತ ಬರ್ದ್‌ಬುಟ್ರೆ?’ ಅಂತ ಕೇಳಿದರು. ಭಯ ಇದ್ದದ್ದು ಅಲ್ಲಿ. ಮಂಡ್ಯದಲ್ಲಿ ಬೆಳಗಿನ ರೈಲು ಹತ್ತಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ನಮ್ಮ ಕಡೆ ಜನಕ್ಕೆ ಅದು ‘ಸ್ಪೀಚ್ ಅಂಡ್ ಹಿಯರಿಂಗ್’. 1965ರಿಂದ ಇದೆ. ಮಂಡ್ಯದವರಿಗೆ ಇದು ಇಷ್ಟು ಹತ್ತಿರ ಇರುವುದು ಪುಣ್ಯ, ಬೇರೆ ಜಿಲ್ಲೆಯವರು ರಾತ್ರಿಯೆಲ್ಲ ಬಸ್ಸಿನಲ್ಲಿ ಬರುತ್ತಾರೆ. ಮೊದಲು ಕಿವಿ ಪರೀಕ್ಷೆ, ಆಮೇಲೆ ಬುದ್ಧಿಮಟ್ಟ, ಓದು, ಬರಹ. ಒಂದೇ ದಿನಕ್ಕೆ ಮುಗಿಯಲಿಲ್ಲ. ತಾಯಿ ಮೂರು ದಿನದ ಕೂಲಿ ಬಿಟ್ಟರು. ಕಿವಿ ಸರಿಯಿದೆ, ಬುದ್ಧಿ ಚುರುಕಾಗಿದೆ, ತೊಂದರೆ ಓದಿನದು ಅಂತ ಅಲ್ಲಿಯವರು ಬಿಡಿಸಿ ಹೇಳಿದಾಗ ಆಯಮ್ಮ ಅಳಲಿಲ್ಲ, ನಗಲೂ ಇಲ್ಲ. ‘ಸುಮ್ಕೆ ಒಡ್ದೆ ಅವುನ್ನ’ ಅಂದರು. ವಾಪಸ್ ಬರುವ ರೈಲಿನಲ್ಲಿ ಮಗನನ್ನು ತೊಡೆ ಮೇಲೆ ಮಲಗಿಸಿಕೊಂಡಿದ್ದರು.

ಅಷ್ಟು ಹೊತ್ತಿಗೆ ಗುಂಪಿನ ಪಾಠ ಶುರುವಾಗಿ ಎರಡೂವರೆ ತಿಂಗಳಾಗಿತ್ತು.

ಕೋರಸ್

ದಸರಾ ರಜೆ ಮುಗಿದು ಬಂದಾಗ ಹುಡುಗ ನಿಮಿಷಕ್ಕೆ ಓದುವ ಪದಗಳ ಲೆಕ್ಕ ಆರಕ್ಕೆ ಇಳಿದಿತ್ತು. ಇದು ನಿರೀಕ್ಷೆ ಇದ್ದದ್ದೇ, ಒಂದು ವಾರ ಹಳೆಯದನ್ನೇ ಓದಿಸಿ ಅಂದೆ. ಆಮೇಲೆ ಎರಡು ಮಂಗಳವಾರ ನನಗೆ ಹೋಗೋಕಾಗಲಿಲ್ಲ, ಮನೆ ಆಧಾರಿತ ಶಿಕ್ಷಣದ ಮಕ್ಕಳ ಸಮೀಕ್ಷೆ ಬಂದಿತ್ತು. ನವೆಂಬರ್ ಮಧ್ಯದಲ್ಲಿ ಹೋದರೆ, ವಾರವಾರದ ಪದಗಳ ಲೆಕ್ಕ ತೋರಿಸುವ ಗೋಡೆಯ ಮೇಲಿನ ಗೆರೆ ಮಲಗಿತ್ತು. ಏಳು, ಏಳು, ಆರು, ಏಳು.

ಮೇಜಿನ ಸುತ್ತ ನಾಲ್ಕಲ್ಲ, ಒಂಬತ್ತು ಮಕ್ಕಳು. ಪದ್ಧತಿ ಕೆಲಸ ಮಾಡುತ್ತಿದೆ ಅಂತ ಟೀಚರ್‌ಗೆ ಎಷ್ಟು ನಂಬಿಕೆ ಬಂದಿತ್ತು ಅಂದರೆ, ಇನ್ನೂ ಐದು ಮಕ್ಕಳನ್ನು ಅವರೇ ಸೇರಿಸಿಕೊಂಡಿದ್ದರು. ಒಂಬತ್ತು ಮಕ್ಕಳು ಒಬ್ಬೊಬ್ಬರಾಗಿ ಓದೋಕೆ ಹದಿನೈದು ನಿಮಿಷ ಎಲ್ಲಿ ಸಾಲುತ್ತದೆ? ಹಾಗಾಗಿ ಎಲ್ಲರೂ ಒಟ್ಟಿಗೆ ಓದುತ್ತಿದ್ದರು. ಜೋರಾಗಿ, ರಾಗವಾಗಿ. ಕಾರ್ಡು ಅದೇ, ಮೇಜು ಅದೇ, ಹೊತ್ತು ಅದೇ. ಹೊರಗಿನಿಂದ ನೋಡಿದರೆ ಎಲ್ಲ ಇತ್ತು. ಒಂಟಿಯಾಗಿ ಬಾಯಿಬಿಡುವುದು ಒಂದೇ ಇರಲಿಲ್ಲ.

ತಪ್ಪು ಅಂತ ಹೇಳೋಕೆ ಬಾಯಿ ಬರಲಿಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ್ದು. ಹಿಂದಿನ ಬೆಂಚಿನ ನನ್ನ ಜಾಗದಲ್ಲಿ ಅವರನ್ನು ಕೂರಿಸಿ, ಕಾರ್ಡು ನಾನು ತಗೊಂಡೆ. ‘ನೀವು ಕೇಳ್ಬೇಡಿ, ಅವನ ಬಾಯಿ ಮಾತ್ರ ನೋಡಿ’ ಅಂದೆ. ಮಕ್ಕಳು ‘ಮರದ ಮೇಲೆ ಮಂಗ’ ಅಂತ ಹಾಡಿದವು. ಐದು ನಿಮಿಷವಾದ ಮೇಲೆ ಟೀಚರ್ ಎದ್ದು ಬಂದರು. ‘ಅರ್ಧ ತಾಳ ಹಿಂದೆ ಇದ್ದಾನೆ ಮೇಡಂ. ಅವ್ನು ಕಾರ್ಡೇ ನೋಡ್ತಿಲ್ಲ. ಆ ಹುಡುಗಿ ಬಾಯಿ ನೋಡ್ಕೊಂಡು ಹೇಳ್ತಿದಾನೆ.’ ಮೂರು ವರ್ಷ ಅವನು ಹೀಗೇ ದಾಟಿಕೊಂಡು ಬಂದಿದ್ದ.

ಗುಂಪನ್ನು ಎರಡು ಮಾಡಿ ದಿನ ಬಿಟ್ಟು ದಿನ ಅಂತ ಮಾಡೋಣವಾ ಅಂತ ಟೀಚರ್ ಕೇಳಿದರು. ಏಳು ಜನಕ್ಕೆ ಅಷ್ಟು ಸಾಕು, ಇವನಿಗೆ ಮತ್ತು ಇನ್ನೊಂದು ಹುಡುಗಿಗೆ ದಿನಾ ಬೇಕು ಅಂತ ಲೆಕ್ಕ ಹಾಕಿದೆವು. ಅದಕ್ಕೆ ಐದನೇ ಕ್ಲಾಸಿನ ಚೆನ್ನಾಗಿ ಓದುವ ಇಬ್ಬರು ಮಕ್ಕಳನ್ನು ಜೊತೆ ಮಾಡಿದರು. ನನ್ನ ಹದಿನಾಲ್ಕು ಹೆಜ್ಜೆಯಲ್ಲಿ ಇರದ ವ್ಯವಸ್ಥೆ ಇದು, ಚೆನ್ನಾಗಿಯೇ ನಡೆಯಿತು.

ಆ ಇನ್ನೊಂದು ಹುಡುಗಿಯ ಗೆರೆ ಮಾತ್ರ ಏಳಲೇ ಇಲ್ಲ. ದಿನಾ ಒಂಟಿಯಾಗಿ ಓದಿಸಿದರೂ ಇಲ್ಲ. ಗೆರೆ ಬರೆಯದಿದ್ದರೆ ‘ಇವಳೂ ನಿಧಾನ’ ಅಂತ ಪೆನ್ಸಿಲಿನಲ್ಲಿ ಬರೆದು ಮುಗಿಸುತ್ತಿದ್ದೆವೇನೋ. ಪಾಠ ಸರಿಯಾಗೇ ನಡೆಯುತ್ತಿದೆ, ಮಗು ಏಳುತ್ತಿಲ್ಲ ಅಂದರೆ ಬೇರೆ ಏನೋ ಇರಬೇಕು ಅಲ್ವಾ? ಹತ್ತಿರ ಕರೆದು ನೋಡಿದರೆ ಎಡಗಿವಿ ಸೋರುತ್ತಿತ್ತು. ಬಹಳ ದಿನದಿಂದಂತೆ. ಮತ್ತೆ ಅದೇ ಬೆಳಗಿನ ರೈಲು.

ಮಾರ್ಚ್, ಆಮೇಲೆ ಜೂನ್

ಮಾರ್ಚ್ ಹೊತ್ತಿಗೆ ಹುಡುಗ ನಿಮಿಷಕ್ಕೆ ಇಪ್ಪತ್ತಮೂರು ಪದ ಓದುತ್ತಿದ್ದ, ಎರಡನೇ ಕ್ಲಾಸಿನ ಪುಸ್ತಕದಿಂದಲೇ. ತನ್ನ ಕ್ಲಾಸಿನ ಪುಸ್ತಕ ಇನ್ನೂ ದೂರ. ಒತ್ತಕ್ಷರ ಸುಮಾರಾಗಿ ಬರುತ್ತದೆ, ಅರ್ಕಾವತ್ತು ಬಂದರೆ ನಿಲ್ಲುತ್ತಾನೆ, ನಿಂತು ಓದುತ್ತಾನೆ. ಪರಿಸರ ಪಾಠವನ್ನು ಟೀಚರ್ ಈಗ ಅವನಿಗೆ ಓದಿ ಹೇಳುತ್ತಾರೆ, ಉತ್ತರ ಬಾಯಲ್ಲಿ ಕೇಳುತ್ತಾರೆ. ಅದರಲ್ಲಿ ಅವನು ಕ್ಲಾಸಿಗೆ ಎರಡನೆಯವನು. ಇದಕ್ಕೆ ಯಾವ ತರಬೇತಿಯನ್ನೂ ನಾನು ಕೊಟ್ಟಿರಲಿಲ್ಲ. ಡಿಸೆಂಬರ್‌ನಲ್ಲಿ ಒಂದು ದಿನ ಅವರು ‘ನಮ್ ಹುಡುಗ’ ಅಂದಿದ್ದನ್ನೂ ಕೇಳಿಸಿಕೊಂಡಿದ್ದೆ.

ಮೇ ಮುಗಿಯುವ ಮುಂಚೆ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಆ ಟೀಚರ್ ಬೇರೆ ತಾಲ್ಲೂಕಿಗೆ ಹೋದರು. ಗಂಡನ ಊರು, ಹತ್ತು ವರ್ಷದಿಂದ ಕೇಳುತ್ತಿದ್ದರು. ನನಗೆ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು, ಅವರ ಮುಂದೆ ತೋರಿಸಿಕೊಳ್ಳಲಿಲ್ಲ. ಎಲ್ಲವೂ ಒಬ್ಬರ ಕೈಯಲ್ಲಿ ಇತ್ತು. ಇನ್ನೊಬ್ಬ ಟೀಚರನ್ನು ಆ ಮೇಜಿನ ಹತ್ತಿರ ಕೂರಿಸಿ ತೋರಿಸಬೇಕಿತ್ತು, ಫೆಬ್ರುವರಿಯಲ್ಲೇ ಅಂದುಕೊಂಡಿದ್ದೆ, ಮಾಡಲಿಲ್ಲ. ಕಾಗದದ ಮನುಷ್ಯ ಅಂತ ನಾನು ನಕ್ಕಿದ್ದ ಎಚ್‌ಎಂ ಸಾರ್ ಮಾತ್ರ ಒಂದು ಕೆಲಸ ಮಾಡಿಟ್ಟಿದ್ದರು. ಹೊಸ ವರ್ಷದ ವೇಳಾಪಟ್ಟಿಯಲ್ಲಿ ಕನ್ನಡ ಪೀರಿಯಡ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಓದು ಗುಂಪು, 15 ನಿಮಿಷ’ ಅಂತ ಬರೆಸಿ, ಸೀಲು ಹಾಕಿ, ಕೋಣೆಯ ಗೋಡೆಗೆ ಅಂಟಿಸಿದ್ದರು.

ಜೂನ್ ಎರಡನೇ ವಾರ ಅತಿಥಿ ಶಿಕ್ಷಕರೊಬ್ಬರು ಬಂದರು. ಚಿಕ್ಕ ವಯಸ್ಸು, ಇದೇ ಮೊದಲ ಶಾಲೆ. ಬೀರುವಿನಿಂದ ಕಾರ್ಡುಗಳ ಡಬ್ಬ ತೆಗೆದು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ‘ಮೇಡಂ, ವೇಳಾಪಟ್ಟೀಲಿ ಓದು ಗುಂಪು ಅಂತ ಇದೆ. ಇದನ್ನ ಹೇಗೆ ಮಾಡೋದು? ಏನಾದ್ರೂ ತರಬೇತಿ ಇದೆಯಾ?’

‘ಮಂಗಳವಾರ ಬರ್ತೀನಿ ಸಾರ್’ ಅಂದೆ.